ಎರಡನೆಯ ಡೊಮೇನ್ ಕಂಟ್ರೋಲರ್‌ನ ಡಿಎನ್‌ಎಸ್ ತೊಡಕುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಚೇರಿ, ಕಾಲೇಜು, ಸಹಕಾರ ಸಂಘಗಳಲ್ಲಿ ವಿಂಡೋಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಓದುಗರ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ತೊಂದರೆಯ ಸುತ್ತ, ಅಂದರೆ ಎರಡನೆಯ ಡೊಮೇನ್ ಕಂಟ್ರೋಲರ್‌ನ (ಕಚೇರಿಯ ಕಂಪ್ಯೂಟರ್‌ಗಳ ಲಾಗಿನ್ ನೋಡಿಕೊಳ್ಳುವ ಸರ್ವರ್) ಡಿಎನ್‌ಎಸ್ (ಹೆಸರನ್ನು ವಿಳಾಸಕ್ಕೆ ತಿರುಗಿಸುವ ಸೇವೆ) ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೊದಲ ಪ್ರಶ್ನೆಯ ಉತ್ತರ ದೀರ್ಘವಾಗಿದೆ; ಉಳಿದ ಉತ್ತರಗಳು ಅದನ್ನು ಆಧರಿಸಿರುವುದರಿಂದ ಅದನ್ನು ಬಿಟ್ಟು ಮುಂದಕ್ಕೆ ಹೋಗಬಾರದೆಂದು ವಿನಂತಿ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಮುಖ್ಯ ಕಚೇರಿಯಲ್ಲಿ ವಿಂಡೋಸ್ ಸರ್ವರ್ 2019ರ ಎರಡು ಡೊಮೇನ್ ಕಂಟ್ರೋಲರ್‌ಗಳಿವೆ. ಮೊದಲನೆಯದರ ವಿಳಾಸ 192.168.10.11, ಎರಡನೆಯದರದು 192.168.10.12. ಕರೆಂಟ್ ಹೋದಾಗ ಯುಪಿಎಸ್ ಕೂಡ ಕೈಕೊಟ್ಟು ಎರಡೂ ಒಮ್ಮೆಲೇ ಆಫ್ ಆದವು. ಅಂದಿನಿಂದ ಎರಡನೆಯ ಸರ್ವರ್ ಪ್ರತಿ ಸಲ ಶುರುವಾಗಲು ಇಪ್ಪತ್ತು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತದೆ. ಈವೆಂಟ್ ವ್ಯೂವರ್‌ನ ಡಿಎನ್‌ಎಸ್ ಸರ್ವರ್ ವಿಭಾಗದಲ್ಲಿ ಮೊದಲು 4013, ಆಮೇಲೆ ಆಗಾಗ 4015 ಎಂಬ ಸಂಖ್ಯೆಯ ದೋಷಗಳು ಕಾಣುತ್ತವೆ. ಡಿಎನ್‌ಎಸ್ ರೋಲ್ (ಸರ್ವರ್‌ಗೆ ಆ ಕೆಲಸ ಕೊಡುವ ತಂತ್ರಾಂಶ) ತೆಗೆದು ಮತ್ತೆ ಹಾಕಿದರೂ ಪ್ರಯೋಜನವಾಗಲಿಲ್ಲ. ಎರಡನೆಯ ಸರ್ವರ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಮೊದಲ ಡಿಎನ್‌ಎಸ್ ಆಗಿ 127.0.0.1 (ಅಂದರೆ ಅದರದೇ ವಿಳಾಸ), ಬದಲಿ ಡಿಎನ್‌ಎಸ್ ಆಗಿ ಇಂಟರ್ನೆಟ್ ಕಂಪನಿಯ ವಿಳಾಸ ಕೊಟ್ಟಿದ್ದೇವೆ. ತಪ್ಪು ಎಲ್ಲಿದೆ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ತಪ್ಪು ಎಲ್ಲಿದೆ ಎಂಬುದು ನಿಮ್ಮ ಪತ್ರದ ಕೊನೆಯ ವಿವರದಲ್ಲೇ ಇದೆ. ಆದರೆ ಅಲ್ಲಿಗೆ ಬರುವ ಮೊದಲು, ರೋಲ್ ತೆಗೆದು ಮತ್ತೆ ಹಾಕಿದ್ದು ಏಕೆ ಫಲಿಸಲಿಲ್ಲ ಎಂಬುದನ್ನು ನೋಡೋಣ.

ಡೊಮೇನ್ ಕಂಟ್ರೋಲರ್‌ಗಳಲ್ಲಿ ಡಿಎನ್‌ಎಸ್ ಝೋನ್, ಅಂದರೆ ಒಂದು ಡೊಮೇನ್‌ನ ಹೆಸರು-ವಿಳಾಸಗಳ ಪಟ್ಟಿ, ಸಾಮಾನ್ಯವಾಗಿ ಬೇರೆ ಕಡತದಲ್ಲಿ ಇರುವುದಿಲ್ಲ. ಅದು ಡೊಮೇನ್‌ನ ಖಾತೆ, ಕಂಪ್ಯೂಟರ್‌ಗಳ ಮಾಹಿತಿಕೋಶವಾದ ಆ್ಯಕ್ಟಿವ್ ಡೈರೆಕ್ಟರಿಯ ಒಳಗೆ, ಡೊಮೇನ್‌ಡಿಎನ್‌ಎಸ್‌ಝೋನ್ಸ್ ಮತ್ತು ಫಾರೆಸ್ಟ್‌ಡಿಎನ್‌ಎಸ್‌ಝೋನ್ಸ್ ಎಂಬ ಎರಡು ವಿಭಾಗಗಳಲ್ಲಿ ಇರುತ್ತದೆ. ಡಿಎನ್‌ಎಸ್ ಸೇವೆ ಅಲ್ಲಿಂದ ಅದನ್ನು ಓದಿಕೊಂಡು ಉತ್ತರ ಕೊಡುತ್ತದೆ, ಅಷ್ಟೆ. ಹೀಗಾಗಿ ರೋಲ್ ತೆಗೆದು ಮತ್ತೆ ಹಾಕಿದರೆ ಓದುವ ತಂತ್ರಾಂಶ ಹೊಸದಾಗುತ್ತದೆಯೇ ಹೊರತು ಓದಬೇಕಾದ ಮಾಹಿತಿ ಮೊದಲಿನ ಸ್ಥಿತಿಯಲ್ಲೇ ಉಳಿಯುತ್ತದೆ. ನೀವು ಕಂಡ ಎರಡು ದೋಷಗಳೂ ಇದನ್ನೇ ಹೇಳುತ್ತಿವೆ. ಡೈರೆಕ್ಟರಿಯ ಆರಂಭಿಕ ಸಿಂಕ್ ಮುಗಿಯಿತೆಂಬ ಸೂಚನೆಗಾಗಿ ಡಿಎನ್‌ಎಸ್ ಕಾಯುತ್ತಿದೆ ಎಂಬುದು 4013ರ ಅರ್ಥ. ಡೈರೆಕ್ಟರಿಯಿಂದಲೇ ಗಂಭೀರ ದೋಷವೊಂದು ಎದುರಾಗಿದೆ ಎಂಬುದು 4015ರ ಅರ್ಥ. ದೂರು ಕೊಡುತ್ತಿರುವುದು ಡಿಎನ್‌ಎಸ್, ದೂರು ಡೈರೆಕ್ಟರಿಯ ಮೇಲೆ.

ಹಾಗಾದರೆ ಡೈರೆಕ್ಟರಿಗೆ ಏನಾಗಿದೆ? ಸರ್ವರ್ ಶುರುವಾದ ಕೂಡಲೇ ಆ್ಯಕ್ಟಿವ್ ಡೈರೆಕ್ಟರಿಯು ತನ್ನ ಜೊತೆಗಾರ ಸರ್ವರ್‌ನಿಂದ ಬದಲಾವಣೆಗಳನ್ನು ತರಿಸಿಕೊಳ್ಳಲು ಪ್ರಯತ್ನಿಸುತ್ತದೆ. ಆ ಜೊತೆಗಾರನನ್ನು ಅದು ಕಂಪ್ಯೂಟರ್ ಹೆಸರಿನಿಂದ ನೇರವಾಗಿ ಹುಡುಕದೆ, ಜಿಯುಐಡಿ ಎಂಬ ಉದ್ದನೆಯ ಗುರುತಿನ ಸಂಖ್ಯೆಯಿಂದ ಶುರುವಾಗಿ ಎಂಎಸ್‌ಡಿಸಿಎಸ್ ಝೋನ್‌ನಲ್ಲಿ ದಾಖಲಾಗಿರುವ ಒಂದು ಅಡ್ಡಹೆಸರಿನ ಮೂಲಕ ಹುಡುಕುತ್ತದೆ. ಆ ಹೆಸರನ್ನು ವಿಳಾಸಕ್ಕೆ ತಿರುಗಿಸಿ ಕೊಡಬೇಕಾದದ್ದು ಡಿಎನ್‌ಎಸ್. ನಿಮ್ಮ ಎರಡನೆಯ ಸರ್ವರ್ ಮೊದಲು ಕೇಳುವುದು ತನ್ನನ್ನೇ. ಆದರೆ ಅದರ ಡಿಎನ್‌ಎಸ್ ಇನ್ನೂ ಡೈರೆಕ್ಟರಿಗಾಗಿ ಕಾಯುತ್ತಿದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ ಇದು.

ತನ್ನಿಂದ ಉತ್ತರ ಬಾರದೆ ಹೋದಾಗ ಅದು ಪಟ್ಟಿಯ ಎರಡನೆಯ ವಿಳಾಸವನ್ನು, ಅಂದರೆ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಅನ್ನು ಕೇಳುತ್ತದೆ. ನಿಮ್ಮ ಕಚೇರಿಯ ಒಳಗಿನ ಹೆಸರುಗಳು ಆ ಡಿಎನ್‌ಎಸ್‌ಗೆ ಗೊತ್ತಿರಲು ಸಾಧ್ಯವಿಲ್ಲ. ಅದು ಅಂಥ ಹೆಸರೇ ಇಲ್ಲ ಎಂದು ಹೇಳಿಬಿಡುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಬದಲಿ ಡಿಎನ್‌ಎಸ್ ಕೆಲಸಕ್ಕೆ ಬರುವುದು ಮೊದಲನೆಯದು ಮೌನವಾಗಿದ್ದಾಗ ಮಾತ್ರ. ಯಾವುದಾದರೂ ಒಂದು ಸರ್ವರ್ ‘ಇಲ್ಲ’ ಎಂದರೆ ಅದೂ ಒಂದು ಉತ್ತರವೇ. ವಿಂಡೋಸ್ ಅದನ್ನು ಒಪ್ಪಿಕೊಂಡು ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಆದ್ದರಿಂದ ಡೊಮೇನ್ ಕಂಟ್ರೋಲರ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಹೊರಗಿನ ಡಿಎನ್‌ಎಸ್ ವಿಳಾಸ ಎಷ್ಟನೆಯ ಸಾಲಿನಲ್ಲಿದ್ದರೂ ತಪ್ಪೇ, ‘ಒಂದು ಇರಲಿ, ಇಂಟರ್ನೆಟ್ ನಿಲ್ಲಬಾರದಲ್ಲ’ ಎಂಬ ಕಾರಣಕ್ಕೆ ಹಾಕಿದ್ದರೂ ತಪ್ಪೇ. ಅದರ ಜಾಗ ಡಿಎನ್‌ಎಸ್ ಕನ್ಸೋಲ್‌ನಲ್ಲಿ ಸರ್ವರ್‌ನ ಪ್ರಾಪರ್ಟೀಸ್ ತೆರೆದರೆ ಸಿಗುವ ಫಾರ್ವರ್ಡರ್ಸ್ ಪಟ್ಟಿ, ಅಂದರೆ ತನಗೆ ಗೊತ್ತಿಲ್ಲದ ಹೆಸರುಗಳಿಗಾಗಿ ಡಿಎನ್‌ಎಸ್ ಯಾರನ್ನು ಕೇಳಬೇಕೆಂಬ ಪಟ್ಟಿ.

ಈಗ ಮಾಡಬೇಕಾದದ್ದು. ಎರಡನೆಯ ಸರ್ವರ್‌ನಲ್ಲಿ ಮೊದಲ ಡಿಎನ್‌ಎಸ್ ಆಗಿ 192.168.10.11, ಬದಲಿಯಾಗಿ 127.0.0.1 ಕೊಡಿ. ತನ್ನದೇ ವಿಳಾಸ ಪಟ್ಟಿಯಲ್ಲಿ ಇರಲಿ, ಆದರೆ ಮೊದಲ ಸಾಲಿನಲ್ಲಿ ಬೇಡ ಎಂಬುದು ಮೈಕ್ರೋಸಾಫ್ಟ್‌ನ ಸಲಹೆಯೂ ಹೌದು. ಐಪಿವಿ6 ಸೆಟ್ಟಿಂಗ್‌ನಲ್ಲೂ ಒಮ್ಮೆ ಕಣ್ಣಾಡಿಸಿ. ಅಲ್ಲಿ ಡಿಎನ್‌ಎಸ್ ವಿಳಾಸವಾಗಿ ::1 ಕುಳಿತಿದ್ದರೆ ಸರ್ವರ್ ಮತ್ತೆ ತನ್ನನ್ನೇ ಕೇಳಿಕೊಳ್ಳುತ್ತದೆ. ವಿಳಾಸವನ್ನು ತಾನಾಗಿ ಪಡೆಯುವ ಆಯ್ಕೆಗೆ ಅದನ್ನು ಬದಲಿಸಿದರೆ ಸಾಕು, ಐಪಿವಿ6 ಅನ್ನೇ ನಿಷ್ಕ್ರಿಯಗೊಳಿಸುವ ಅಗತ್ಯವಿಲ್ಲ. ಮೊದಲ ಸರ್ವರ್ ಸದ್ಯಕ್ಕೆ ತನ್ನನ್ನೇ ಮೊದಲು ಕೇಳುತ್ತಿರಲಿ. ಎರಡೂ ಪರಸ್ಪರರನ್ನು ಕೇಳುವಂತೆ ಮಾಡುವುದು ಒಳ್ಳೆಯ ಪದ್ಧತಿಯೇ, ಆದರೆ ಅದನ್ನು ಎರಡನೆಯದು ಸರಿಹೋದ ಮೇಲೆ ಮಾಡಿ.

ಬಳಿಕ ಎರಡನೆಯ ಸರ್ವರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಜೊತೆಗಾರನೊಂದಿಗಿನ ಸಿಂಕ್ ಹೇಗಿದೆ ಎಂದು ತೋರಿಸುವ ರೆಪ್‌ಅಡ್ಮಿನ್ ಆದೇಶವನ್ನು ಶೋರೆಪ್ಲ್ ಆಯ್ಕೆಯೊಂದಿಗೆ ನಡೆಸಿ. ಇದರ ಫಲಿತಾಂಶವನ್ನು ಓದಲು ಕಲಿತವರಿಗೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅಲ್ಲಿ ಬರುವ ದೋಷದ ಸಂಖ್ಯೆ ಮುಂದೆ ಯಾವ ಕಡೆ ಹೋಗಬೇಕೆಂದು ತಿಳಿಸುತ್ತದೆ. 8524 ಬಂದರೆ ಹೆಸರು ಸಿಗುತ್ತಿಲ್ಲ, ಅಂದರೆ ನಿಜವಾಗಿಯೂ ಡಿಎನ್‌ಎಸ್ ಹುಡುಕಾಟದ ತೊಂದರೆ. 1722 ಬಂದರೆ ಆ ಕಡೆಯ ಆರ್‌ಪಿಸಿ ಸೇವೆಯನ್ನು (ಸರ್ವರ್‌ಗಳು ಒಂದರಿಂದ ಒಂದು ಕೆಲಸ ಮಾಡಿಸಿಕೊಳ್ಳುವ ವ್ಯವಸ್ಥೆ) ತಲುಪಲಾಗುತ್ತಿಲ್ಲ. ಹೆಸರು ಸರಿಯಾದ ವಿಳಾಸಕ್ಕೆ ತಿರುಗುತ್ತಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಫೈರ್‌ವಾಲ್ ನೋಡಿ. 135ನೆಯ ಪೋರ್ಟ್ ಜೊತೆಗೆ 49152ರಿಂದ 65535ರವರೆಗಿನ ಪೋರ್ಟ್‌ಗಳೂ ಎರಡು ಸರ್ವರ್‌ಗಳ ನಡುವೆ ತೆರೆದಿರಬೇಕು. 135 ಒಂದನ್ನೇ ತೆರೆದು ಸುಮ್ಮನಾಗುವವರೇ ಹೆಚ್ಚು. ಮೈನಸ್ ಚಿಹ್ನೆಯೊಂದಿಗೆ 2146893022 ಎಂಬ ದೊಡ್ಡ ಸಂಖ್ಯೆ ಬಂದರೆ ಅಥವಾ ಪ್ರವೇಶ ನಿರಾಕರಣೆಯ 5 ಬಂದರೆ ಅದು ಕರ್ಬರೋಸ್ ಎಂಬ ಗುರುತು ಪರಿಶೀಲನೆಯ ವ್ಯವಸ್ಥೆಗೆ, ಅಂದರೆ ಪಾಸ್‌ವರ್ಡ್‌ಗೋ ಗಡಿಯಾರಕ್ಕೋ ಸಂಬಂಧಿಸಿರುವ ಸಾಧ್ಯತೆ ಹೆಚ್ಚು. 8614 ಬಂದರೆ ಆ ಸರ್ವರ್ ಬಹಳ ಕಾಲದಿಂದ ಜೊತೆಗಾರನ ಸಂಪರ್ಕದಲ್ಲೇ ಇಲ್ಲ ಎಂದು ತಿಳಿಯಿರಿ. ಅದರ ವಿಚಾರ ಮುಂದಿನ ಉತ್ತರದಲ್ಲಿದೆ.

8524 ಬಂದಿದೆ ಎಂದುಕೊಳ್ಳೋಣ. ಇದೇ ಆದೇಶವನ್ನು ಮೊದಲ ಸರ್ವರ್‌ನಲ್ಲೂ ನಡೆಸಿದರೆ ಫಲಿತಾಂಶದ ಆರಂಭದಲ್ಲೇ ಡಿಎಸ್‌ಎ ಆಬ್ಜೆಕ್ಟ್ ಜಿಯುಐಡಿ ಎಂಬ ಸಾಲಿನಲ್ಲಿ ಅದರ ಗುರುತಿನ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಮುಂದೆ ಚುಕ್ಕಿ, ಅಡಿಗೆರೆ, ಎಂಎಸ್‌ಡಿಸಿಎಸ್, ಮತ್ತೆ ಚುಕ್ಕಿ, ನಿಮ್ಮ ಡೊಮೇನ್ ಹೆಸರು ಸೇರಿಸಿ, ಎರಡನೆಯ ಸರ್ವರ್‌ನಿಂದ ಎನ್‌ಎಸ್‌ಲುಕಪ್ ಮೂಲಕ 192.168.10.11 ಅನ್ನೇ ಕೇಳಿ. ಉತ್ತರದಲ್ಲಿ ಮೊದಲ ಸರ್ವರ್‌ನ ಪೂರ್ಣ ಹೆಸರೂ ಅದರ ಸರಿಯಾದ ವಿಳಾಸವೂ ಬರಬೇಕು. ಹಳೆಯ ವಿಳಾಸ ಬಂದರೆ, ಅಥವಾ ಒಂದರ ಜಾಗದಲ್ಲಿ ಎರಡು ವಿಳಾಸ ಬಂದರೆ, ಯಾವಾಗಲೋ ಬದಲಾಯಿಸಿದ ನೆಟ್‌ವರ್ಕ್ ಕಾರ್ಡ್‌ನ ರೆಕಾರ್ಡ್ ಅಲ್ಲೇ ಉಳಿದಿದೆ ಎಂದು ಅರ್ಥ. ಅದನ್ನು ಕೈಯಾರೆ ಅಳಿಸಿ. ಏನೂ ಬಾರದಿದ್ದರೆ ಮೊದಲ ಸರ್ವರ್‌ನಲ್ಲಿ ನೆಟ್‌ಲಾಗಾನ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿ, ಆಮೇಲೆ ಐಪಿಕಾನ್ಫಿಗ್ ಆದೇಶವನ್ನು ರಿಜಿಸ್ಟರ್‌ಡಿಎನ್‌ಎಸ್ ಆಯ್ಕೆಯೊಂದಿಗೆ ನಡೆಸಿ. ಎರಡೂ ಬೇಕು: ಈ ಅಡ್ಡಹೆಸರನ್ನೂ, ಯಾವ ಸೇವೆ ಎಲ್ಲಿದೆ ಎಂದು ತಿಳಿಸುವ ಎಸ್‌ಆರ್‌ವಿ ರೆಕಾರ್ಡ್‌ಗಳನ್ನೂ ನೋಂದಾಯಿಸುವುದು ನೆಟ್‌ಲಾಗಾನ್, ಸರ್ವರ್‌ನ ಸ್ವಂತ ವಿಳಾಸದ ರೆಕಾರ್ಡ್ ಅನ್ನು ನೋಂದಾಯಿಸುವುದು ಡಿಎನ್‌ಎಸ್ ಕ್ಲಯಂಟ್. ಏನೇನು ನೋಂದಣಿಯಾಗಬೇಕಿತ್ತು ಎಂಬ ಅನುಮಾನವಿದ್ದರೆ ಸಿಸ್ಟಂ32 ಫೋಲ್ಡರ್‌ನ ಕಾನ್ಫಿಗ್ ಒಳಗಿರುವ ನೆಟ್‌ಲಾಗಾನ್.ಡಿಎನ್‌ಎಸ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಆ ಸರ್ವರ್‌ನ ಪೂರ್ತಿ ಪಟ್ಟಿ ಅಲ್ಲಿರುತ್ತದೆ.

ಎಲ್ಲ ಸರಿಹೋದ ಮೇಲೂ ಸರ್ವರ್ ಶುರುವಾಗುವಾಗ 4013 ಒಂದು ಸಲ ಬಂದು, ಅದರ ಹಿಂದೆಯೇ ಝೋನ್‌ಗಳೆಲ್ಲ ಲೋಡ್ ಆದವೆಂಬ 4ನೆಯ ಸಂಖ್ಯೆಯ ಸಂದೇಶ ಬಂದರೆ ಚಿಂತೆ ಬೇಡ. ಕಾಯಬೇಕಿತ್ತು, ಕಾಯಿತು ಎಂದಷ್ಟೇ ಅದರ ಅರ್ಥ. ಈ ಕಾಯುವಿಕೆಯನ್ನೇ ತಪ್ಪಿಸಲು ರಿಜಿಸ್ಟ್ರಿಯಲ್ಲಿ ಆರಂಭಿಕ ಸಿಂಕ್ ಅನ್ನು ನಿಲ್ಲಿಸುವ ಮೌಲ್ಯವೊಂದಿದೆ, ಅದನ್ನು ಸೊನ್ನೆಗೆ ಇಡಿ ಎಂದು ಸಲಹೆ ಕೊಡುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ತುರ್ತಿನಲ್ಲಿ ಒಂದು ಸಲಕ್ಕೆ ಬಳಸಬಹುದಾದರೂ ಅದನ್ನು ಹಾಗೆಯೇ ಬಿಡುವುದನ್ನು ನಾನು ಒಪ್ಪುವುದಿಲ್ಲ. ಹಳೆಯ ಮಾಹಿತಿ ಇಟ್ಟುಕೊಂಡ ಸರ್ವರ್ ತಾನೇ ಯಜಮಾನನೆಂದು ಕೆಲಸ ಶುರುಮಾಡಬಾರದೆಂದೇ ಆ ತಡೆ ಇದೆ. ಅದರ ಬದಲು ಎರಡು ಸರ್ವರ್‌ಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಯುಪಿಎಸ್‌ಗಳ ಮೇಲೆ ಇಡಿ. ಒಂದೇ ಯಂತ್ರದ ಮೇಲೆ ಎರಡು ವರ್ಚುವಲ್ ಸರ್ವರ್‌ಗಳನ್ನು ಕೂರಿಸಿದರೆ ಎರಡನೆಯ ಡೊಮೇನ್ ಕಂಟ್ರೋಲರ್ ಇದ್ದೂ ಇಲ್ಲದಂತೆಯೇ.

ಪ್ರಶ್ನೆ: ಎರಡನೆಯ ಡೊಮೇನ್ ಕಂಟ್ರೋಲರ್ ಒಂದು ವರ್ಚುವಲ್ ಮಷಿನ್. ಡಿಸ್ಕ್ ಹಾಳಾದ ಕಾರಣ ಮೂರು ತಿಂಗಳ ಹಿಂದೆ ನಕಲು ಮಾಡಿಟ್ಟಿದ್ದ ವರ್ಚುವಲ್ ಡಿಸ್ಕ್ ಕಡತವನ್ನೇ ಹಾಕಿ ಚಾಲೂ ಮಾಡಿದೆವು. ಈಗ ಡಿಎನ್‌ಎಸ್ ಸೇವೆ ಓಡುತ್ತದೆ, ಆದರೆ ಒಂದು ಝೋನ್ ಕೂಡ ತೆರೆಯುವುದಿಲ್ಲ. 4000 ಮತ್ತು 4007 ದೋಷಗಳು ಬರುತ್ತಿವೆ. ಮೊದಲ ಸರ್ವರ್ ಸರಿಯಾಗಿದೆ.
— ಕಾಲೇಜೊಂದರ ಲ್ಯಾಬ್ ಉಸ್ತುವಾರಿ, ಮೈಸೂರು

ಉತ್ತರ: ಆ್ಯಕ್ಟಿವ್ ಡೈರೆಕ್ಟರಿಯನ್ನು ತೆರೆಯಲಾಗಲಿಲ್ಲ ಎಂಬುದು 4000, ಅದರೊಳಗಿನ ಇಂಥ ಝೋನ್ ತೆರೆಯಲಾಗಲಿಲ್ಲ ಎಂಬುದು 4007. ಡೊಮೇನ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ಪಾಸ್‌ವರ್ಡ್ ಇರುತ್ತದೆ. ಸಾಮಾನ್ಯವಾಗಿ 30 ದಿನಗಳಿಗೊಮ್ಮೆ ಕಂಪ್ಯೂಟರ್ ಅದನ್ನು ತಾನೇ ಬದಲಾಯಿಸಿಕೊಳ್ಳುತ್ತದೆ. ನೀವು ಹಾಕಿದ ಡಿಸ್ಕ್‌ನಲ್ಲಿರುವುದು ಮೂರು ತಿಂಗಳ ಹಿಂದಿನ ಪಾಸ್‌ವರ್ಡ್, ಮೊದಲ ಸರ್ವರ್‌ನಲ್ಲಿರುವುದು ಇತ್ತೀಚಿನದು. ಇಬ್ಬರಿಗೂ ಹೊಂದಿಕೆಯಾಗದ ಕಾರಣ ನಂಬಿಕೆಯ ಕೊಂಡಿ ಕಳಚಿದೆ.

ಈ ಕೊಂಡಿ ಮಾತ್ರ ಕಳಚಿದ ಸರ್ವರ್‌ಗಳಿಗೆ ಮದ್ದಿದೆ. ಕೆಟ್ಟ ಸರ್ವರ್‌ನಲ್ಲಿ ಕರ್ಬರೋಸ್ ಕೀ ಡಿಸ್ಟ್ರಿಬ್ಯೂಷನ್ ಸೆಂಟರ್ ಸೇವೆಯನ್ನು ನಿಲ್ಲಿಸಿ, ಅದರ ಆರಂಭವನ್ನು ಮ್ಯಾನ್ಯುಯಲ್‌ಗೆ ಇಟ್ಟು, ನೆಟ್‌ಡಾಮ್ ಆದೇಶದ ರೀಸೆಟ್‌ಪಿಡಬ್ಲ್ಯುಡಿ ಆಯ್ಕೆಯಲ್ಲಿ ಸರಿಯಿರುವ ಸರ್ವರ್‌ನ ಹೆಸರನ್ನೂ ಡೊಮೇನ್ ಅಡ್ಮಿನ್ ಖಾತೆಯನ್ನೂ ಕೊಟ್ಟು ನಡೆಸಿ, ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಆ ಸೇವೆಯನ್ನು ಮತ್ತೆ ಆಟೋಮ್ಯಾಟಿಕ್‌ಗೆ ತಂದು ಶುರುಮಾಡುವುದು ಅದರ ಕ್ರಮ. ನಿಮ್ಮ ಸಂದರ್ಭದಲ್ಲಿ ಮಾತ್ರ ಈ ದಾರಿ ಹಿಡಿಯಬೇಡಿ. ಹಳೆಯ ಡಿಸ್ಕ್ ಕಡತವನ್ನು ಹಾಗೆಯೇ ಹಾಕಿದಾಗ ಪಾಸ್‌ವರ್ಡ್‌ಗಿಂತ ಕೆಟ್ಟ ತೊಂದರೆಯೊಂದು ಹುಟ್ಟುತ್ತದೆ. ಪ್ರತಿ ಡೊಮೇನ್ ಕಂಟ್ರೋಲರ್ ತನ್ನ ಬದಲಾವಣೆಗಳಿಗೆ ಯುಎಸ್‌ಎನ್ ಎಂಬ ಏರುಸಂಖ್ಯೆ ಕೊಡುತ್ತಾ ಹೋಗುತ್ತದೆ. ಜೊತೆಗಾರ ಸರ್ವರ್ ಎಲ್ಲಿಯವರೆಗಿನ ಸಂಖ್ಯೆಯನ್ನು ನೋಡಿದ್ದೇನೆಂದು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಸರ್ವರ್ ಮೂರು ತಿಂಗಳ ಹಿಂದಿನ ಸಂಖ್ಯೆಯಿಂದ ಮತ್ತೆ ಎಣಿಸಲು ಶುರುಮಾಡಿದರೆ, ಅದು ಕೊಡುವ ಹೊಸ ಬದಲಾವಣೆಗಳನ್ನು ಮೊದಲ ಸರ್ವರ್ ಆಗಲೇ ನೋಡಿದ್ದೇನೆಂದು ಭಾವಿಸಿ ಕೈಬಿಡುತ್ತದೆ. ಡೈರೆಕ್ಟರಿ ಸರ್ವಿಸ್ ವಿಭಾಗದಲ್ಲಿ 2095 ಸಂಖ್ಯೆಯ ದೋಷ ಇದೆಯೇ ನೋಡಿ. ಇದ್ದರೆ ಸಂಶಯವೇ ಇಲ್ಲ. ಸರ್ವರ್ 2012ರಿಂದ ವಿಎಂ ಜನರೇಶನ್ ಐಡಿ ಎಂಬ ರಕ್ಷಣೆ ಬಂದಿದೆಯಾದರೂ ಅದು ಹೈಪರ್‌ವೈಸರ್‌ನ (ವರ್ಚುವಲ್ ಮಷಿನ್‌ಗಳನ್ನು ನಡೆಸುವ ತಂತ್ರಾಂಶ) ಸ್ನ್ಯಾಪ್‌ಶಾಟ್ ಮೂಲಕ ಹಿಂದಕ್ಕೆ ಹೋದಾಗ ರಕ್ಷಿಸುತ್ತದೆ. ಡಿಸ್ಕ್ ಕಡತವನ್ನು ಕೈಯಾರೆ ಬದಲಾಯಿಸಿದವರು ಅದನ್ನು ನಂಬಿ ಕೂರುವಂತಿಲ್ಲ.

ಮೊದಲ ಸರ್ವರ್ ಸರಿಯಿರುವುದರಿಂದ ಎರಡನೆಯದನ್ನು ರಿಪೇರಿ ಮಾಡುವುದಕ್ಕಿಂತ ಹೊಸದಾಗಿ ಕಟ್ಟುವುದೇ ಸುಲಭ. ಅದರ ನೆಟ್‌ವರ್ಕ್ ಈಗಲೇ ಕಳಚಿ. ನೆಟ್‌ಡಾಮ್ ಆದೇಶದಿಂದ ಎಫ್‌ಎಸ್‌ಎಂಒ ಹೊಣೆಗಳು (ಒಂದು ಸಲಕ್ಕೆ ಒಂದೇ ಡೊಮೇನ್ ಕಂಟ್ರೋಲರ್ ಹೊರುವ ವಿಶೇಷ ಕೆಲಸಗಳು) ಯಾರ ಬಳಿ ಇವೆ ಎಂದು ಕೇಳಿ. ಒಂದಾದರೂ ಎರಡನೆಯ ಸರ್ವರ್ ಹೆಸರಿನಲ್ಲಿದ್ದರೆ ಮೊದಲನೆಯದಕ್ಕೆ ಅದನ್ನು ವಶಪಡಿಸಿಕೊಡಿ. ಬಳಿಕ ಆ್ಯಕ್ಟಿವ್ ಡೈರೆಕ್ಟರಿ ಯೂಸರ್ಸ್ ಆ್ಯಂಡ್ ಕಂಪ್ಯೂಟರ್ಸ್ ಕನ್ಸೋಲ್‌ನ ಡೊಮೇನ್ ಕಂಟ್ರೋಲರ್ಸ್ ಗುಂಪಿನಿಂದ ಕೆಟ್ಟ ಸರ್ವರ್‌ನ ಖಾತೆಯನ್ನು ಅಳಿಸಿದರೆ ಡೈರೆಕ್ಟರಿಯ ಒಳಗಿನ ಅದರ ಗುರುತುಗಳೂ ಹೋಗುತ್ತವೆ; ಸೈಟ್ಸ್ ಆ್ಯಂಡ್ ಸರ್ವಿಸಸ್ ಕನ್ಸೋಲ್‌ನಲ್ಲಿ ಉಳಿದ ಹೆಸರನ್ನೂ, ಡಿಎನ್‌ಎಸ್ ಝೋನ್‌ಗಳ ನೇಮ್ ಸರ್ವರ್ಸ್ ಪಟ್ಟಿಯಲ್ಲಿ ಉಳಿದ ಸಾಲನ್ನೂ ನೀವೇ ತೆಗೆಯಬೇಕು. ಈ ಕೊನೆಯದನ್ನು ಮರೆತವರು ತಿಂಗಳುಗಟ್ಟಲೆ ಕಳೆದ ಮೇಲೂ ಇಲ್ಲದ ಸರ್ವರ್ ಕಡೆಗೆ ಪ್ರಶ್ನೆಗಳು ಹೋಗುತ್ತಿವೆ ಎಂದು ನಮಗೆ ಬರೆಯುತ್ತಾರೆ. ಎಲ್ಲ ಶುಚಿಯಾದ ಮೇಲೆ ಹೊಸ ವಿಂಡೋಸ್ ಹಾಕಿ ಮತ್ತೆ ಡೊಮೇನ್ ಕಂಟ್ರೋಲರ್ ಆಗಿ ಸೇರಿಸಿ.

ಬಹುಕಾಲ ಆಫ್ ಆಗಿದ್ದ ಸರ್ವರ್‌ಗಳಿಗೂ ಇದೇ ಚಿಕಿತ್ಸೆ. ಅಳಿಸಿದ ವಸ್ತುಗಳ ಗುರುತನ್ನು ಡೈರೆಕ್ಟರಿ ಸಾಮಾನ್ಯವಾಗಿ 180 ದಿನ ಉಳಿಸಿಕೊಳ್ಳುತ್ತದೆ. ಹಳೆಯ ಕಾಲದಲ್ಲಿ ಶುರುವಾದ ಫಾರೆಸ್ಟ್‌ಗಳಲ್ಲಿ (ಒಂದೇ ಡೈರೆಕ್ಟರಿಯಡಿಯ ಡೊಮೇನ್‌ಗಳ ಸಮೂಹ) ಅದು 60 ದಿನವೂ ಇರಬಹುದು. ಆ ಅವಧಿ ಮೀರಿ ಸಂಪರ್ಕ ತಪ್ಪಿದ ಸರ್ವರ್‌ನಲ್ಲಿ ನಾವು ಆಗಲೇ ಹೇಳಿದ 8614, ಈವೆಂಟ್ ವ್ಯೂವರ್‌ನಲ್ಲಿ 2042 ಕಾಣುತ್ತವೆ. ಒತ್ತಾಯದಿಂದ ಸಿಂಕ್ ಮಾಡಿಸುವ ರಿಜಿಸ್ಟ್ರಿ ಮೌಲ್ಯ ಇದಕ್ಕೂ ಇದೆ. ಅದನ್ನು ಮುಟ್ಟಿದರೆ ಎಂದೋ ಅಳಿಸಿದ ಖಾತೆಗಳು ಎದ್ದು ಬರಬಹುದು.

ಪ್ರಶ್ನೆ: ಎರಡನೆಯ ಸರ್ವರ್‌ನ ಡಿಎನ್‌ಎಸ್ ಕನ್ಸೋಲ್ ಖಾಲಿ ಇತ್ತು. ಅದಕ್ಕೇ ನಾವೇ ಅಲ್ಲಿ ಡೊಮೇನ್ ಹೆಸರಿನ ಸೆಕೆಂಡರಿ ಝೋನ್ ಮಾಡಿದೆವು. ಹೆಸರುಗಳು ಸಿಗುತ್ತಿವೆ, ಆದರೆ ಹೊಸ ಕಂಪ್ಯೂಟರ್‌ಗಳು ಅಲ್ಲಿ ನೋಂದಣಿಯಾಗುವುದಿಲ್ಲ. ಏಕೆ?
— ಒಬ್ಬ ಓದುಗರು, ಮಂಗಳೂರು

ಉತ್ತರ: ಎರಡನೆಯ ಡೊಮೇನ್ ಕಂಟ್ರೋಲರ್‌ಗೂ ಸೆಕೆಂಡರಿ ಝೋನ್‌ಗೂ ನಂಟಿಲ್ಲ. ಸೆಕೆಂಡರಿ ಝೋನ್ ಎಂದರೆ ಬೇರೊಂದು ಸರ್ವರ್‌ನಿಂದ ತರಿಸಿಕೊಂಡ, ಓದಲು ಮಾತ್ರ ಬರುವ ನಕಲು; ಅದರಲ್ಲಿ ನೋಂದಣಿ ಆಗುವುದಿಲ್ಲ. ಡೈರೆಕ್ಟರಿಯಲ್ಲಿರುವ ಝೋನ್ ಹಾಗಲ್ಲ, ಓದಲು ಮಾತ್ರ ಎಂದು ಸ್ಥಾಪಿಸಿದ ಕಂಟ್ರೋಲರ್‌ಗಳನ್ನು ಬಿಟ್ಟರೆ ಅದನ್ನು ಎಲ್ಲಿಂದಲೂ ತಿದ್ದಬಹುದು. ಕನ್ಸೋಲ್ ಖಾಲಿ ಇದ್ದುದು ಬಹುಶಃ ರೆಪ್ಲಿಕೇಶನ್, ಅಂದರೆ ಸರ್ವರ್‌ಗಳ ನಡುವಿನ ಡೈರೆಕ್ಟರಿ ಸಿಂಕ್, ಇನ್ನೂ ಮುಗಿದಿರಲಿಲ್ಲವಾದ್ದರಿಂದ. ಮೊದಲ ಉತ್ತರದಲ್ಲಿ ಹೇಳಿದಂತೆ ರೆಪ್‌ಅಡ್ಮಿನ್ ನಡೆಸಿ ಅದು ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು ನಿಮ್ಮ ಸೆಕೆಂಡರಿ ಝೋನ್ ಅಳಿಸಿ. ನಿಜವಾದ ಝೋನ್ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಬರುತ್ತದೆ.

ಅಳಿಸುವ ಮುನ್ನ ಝೋನ್‌ನ ಪ್ರಾಪರ್ಟೀಸ್ ತೆರೆದು ಅದರ ವಿಧ ಸೆಕೆಂಡರಿ ಎಂದೇ ಇದೆಯೇ ಎಂದು ಕಣ್ಣಾರೆ ನೋಡಿ. ಅಲ್ಲಿ ಆ್ಯಕ್ಟಿವ್ ಡೈರೆಕ್ಟರಿ ಇಂಟಿಗ್ರೇಟೆಡ್ ಎಂದಿದ್ದರೆ ನೀವು ಅಳಿಸುವುದು ಆ ಸರ್ವರ್‌ನ ಪ್ರತಿಯನ್ನಷ್ಟೇ ಅಲ್ಲ, ಡೈರೆಕ್ಟರಿಯಲ್ಲಿರುವ ಮೂಲವನ್ನೇ. ಕೆಲವೇ ಕ್ಷಣಗಳಲ್ಲಿ ಅದು ಎಲ್ಲ ಸರ್ವರ್‌ಗಳಿಂದಲೂ ಮಾಯವಾಗುತ್ತದೆ. ಸೆಕೆಂಡರಿಯ ಬದಲು ಅದೇ ಹೆಸರಿನ ಹೊಸ ಪ್ರೈಮರಿ ಝೋನ್ ಅನ್ನು ಡೈರೆಕ್ಟರಿಯಲ್ಲಿ ಇಡುವಂತೆ ಮಾಡಿದ್ದರೂ ಇಷ್ಟೇ ಅಪಾಯವಿತ್ತು. ಒಂದೇ ಹೆಸರಿನ ಎರಡು ಝೋನ್‌ಗಳು ರೆಪ್ಲಿಕೇಶನ್‌ನಲ್ಲಿ ಮುಖಾಮುಖಿಯಾದಾಗ ಹೊಸದು ಗೆದ್ದು, ರೆಕಾರ್ಡ್‌ಗಳಿಂದ ತುಂಬಿದ್ದ ಹಳೆಯದರ ಹೆಸರಿಗೆ ಸಿಎನ್‌ಎಫ್ (ಹೆಸರಿನ ಘರ್ಷಣೆ) ಎಂಬ ಗುರುತು ಸೇರಿ ಅದು ಮೂಲೆಗೆ ಹೋಗುತ್ತದೆ. ಆಗ ಕಚೇರಿಯ ಒಳಗಿನ ಹೆಸರುಗಳೆಲ್ಲ ಒಮ್ಮೆಲೇ ಸಿಗದಂತಾಗುತ್ತವೆ.

ಪ್ರಶ್ನೆ: ಎರಡನೆಯ ಸರ್ವರ್‌ನ ಗಡಿಯಾರ ಏಳು ನಿಮಿಷ ಹಿಂದಿದೆ. ಡಿಎನ್‌ಎಸ್ ದೋಷಗಳಿಗೂ ಇದಕ್ಕೂ ಸಂಬಂಧವಿರಬಹುದೇ?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಖಂಡಿತ ಇರಬಹುದು. ಕರ್ಬರೋಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ. ಕರ್ಬರೋಸ್ ನಿಂತರೆ ರೆಪ್ಲಿಕೇಶನ್ ನಿಲ್ಲುತ್ತದೆ, ರೆಪ್ಲಿಕೇಶನ್ ನಿಂತರೆ ಡಿಎನ್‌ಎಸ್ ಮಾಹಿತಿ ಹಳತಾಗುತ್ತದೆ. ಸರ್ವರ್ ವರ್ಚುವಲ್ ಆಗಿದ್ದರೆ, ಅದು ಕೆಳಗಿನ ಯಂತ್ರದಿಂದ ಸಮಯ ಪಡೆಯುತ್ತಿದೆಯೇ ನೋಡಿ. ಎಫ್‌ಎಸ್‌ಎಂಒ ಹೊಣೆಗಳಲ್ಲಿ ಒಂದಾದ ಪಿಡಿಸಿ ಎಮ್ಯುಲೇಟರ್ ಹೊಣೆ ಹೊತ್ತ ಸರ್ವರ್ ಮಾತ್ರ ಹೊರಗಿನ ನಂಬಲರ್ಹ ಮೂಲದಿಂದ ಸಮಯ ಪಡೆಯಲಿ, ಉಳಿದವು ಡೊಮೇನ್‌ನ ಕ್ರಮದಲ್ಲೇ ಪಡೆಯಲಿ.

ಪ್ರಶ್ನೆ: ಎರಡನೆಯ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಒಂದು ದೋಷವೂ ಇಲ್ಲ. ಆದರೂ ಮೊದಲನೆಯದನ್ನು ಆಫ್ ಮಾಡಿದರೆ ಯಾರಿಗೂ ಲಾಗಿನ್ ಆಗುವುದಿಲ್ಲ.
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೊದಲಿಗೆ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ನೋಡಿ. ಕಂಪ್ಯೂಟರ್‌ಗಳಿಗೆ ಅದು ಹಂಚುವ 6ನೆಯ ಆಯ್ಕೆಯಲ್ಲಿ (ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ) ಎರಡೂ ಸರ್ವರ್‌ಗಳ ವಿಳಾಸ ಇರಬೇಕು. ಹಲವೆಡೆ ಮೊದಲನೆಯದಷ್ಟೇ ಇರುತ್ತದೆ. ಡಿಎಚ್‌ಸಿಪಿ ಸೇವೆಯೇ ಮೊದಲ ಸರ್ವರ್‌ನಲ್ಲಿದ್ದರೆ ಅದನ್ನೂ ಗಮನದಲ್ಲಿಡಿ. ಅದು ಸರಿಯಿದ್ದರೆ ಎರಡನೆಯ ಸರ್ವರ್‌ನಲ್ಲಿ ನೆಟ್ ಶೇರ್ ಆದೇಶ ಕೊಟ್ಟು ಸಿಸ್‌ವಾಲ್ ಮತ್ತು ನೆಟ್‌ಲಾಗಾನ್ ಎಂಬ ಎರಡು ಹಂಚಿಕೆಯ ಫೋಲ್ಡರ್‌ಗಳ ಹೆಸರುಗಳು ಪಟ್ಟಿಯಲ್ಲಿ ಇವೆಯೇ ನೋಡಿ. ಸಿಸ್‌ವಾಲ್‌ನ ಮೊದಲ ಸಿಂಕ್ ಮುಗಿಯದ ಸರ್ವರ್ ತಾನು ಡೊಮೇನ್ ಕಂಟ್ರೋಲರ್ ಎಂದು ಹೇಳಿಕೊಳ್ಳುವುದೇ ಇಲ್ಲ; ಡೊಮೇನ್ ಕಂಟ್ರೋಲರ್ ಅನ್ನು ಪರೀಕ್ಷಿಸುವ ಡಿಸಿಡಯಾಗ್ ಆದೇಶದ ಅಡ್ವರ್ಟೈಸಿಂಗ್ ಪರೀಕ್ಷೆ ಅಲ್ಲಿ ವಿಫಲವಾಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ, ಸಿಸ್‌ವಾಲ್ ಸಿಂಕ್ ನೋಡಿಕೊಳ್ಳುವ ಡಿಎಫ್‌ಎಸ್ ರೆಪ್ಲಿಕೇಶನ್ ವಿಭಾಗದಲ್ಲಿ 4614 ಬಂದು ಅದರ ಹಿಂದೆ 4604 ಬಾರದಿದ್ದರೆ ಕಾರಣ ಅದೇ. ಕೊನೆಯದಾಗಿ, ಸೈಟ್ಸ್ ಆ್ಯಂಡ್ ಸರ್ವಿಸಸ್ ಕನ್ಸೋಲ್‌ನಲ್ಲಿ ಆ ಸರ್ವರ್‌ನ ಎನ್‌ಟಿಡಿಎಸ್ ಸೆಟ್ಟಿಂಗ್ಸ್ ತೆರೆದು ಗ್ಲೋಬಲ್ ಕ್ಯಾಟಲಾಗ್ (ಲಾಗಿನ್ ವೇಳೆ ಬೇಕಾಗುವ, ಇಡೀ ಫಾರೆಸ್ಟ್‌ನ ಸೂಚಿ) ಎದುರು ಗುರುತು ಬಿದ್ದಿದೆಯೇ ಎಂದೂ ನೋಡಿ.